ಚಳಿಜ್ವರದ ರೋಗಾಣು ಮತ್ತು ಅಂತರಜಾಲದ ವಂಶವಾಹಿ ಭಂಡಾರ

(ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಬಿ.ಎಸ್ಸಿ. ಓದುತ್ತಿರುವ ಹುಡುಗಿಯೊಬ್ಬಳು ಈಚೆಗೆ ನನ್ನನ್ನು ಕೇಳಿದಳು: "ಸಾರ್, ಸಂಶೋಧನೆ ಮಾಡಬೇಕಾದರೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಲೇಬೇಕಲ್ಲವೇ? ಹೊಸಪೇಟೆಯಲ್ಲಿ ಕುಳಿತು ಏನು ಮಾಡಲು ಸಾಧ್ಯ?" ಅವಳಿಗೆ ಅಂದು ಅರ್ಧ ಉತ್ತರ ಕೊಟ್ಟಿದ್ದೆ. ಉಳಿದರ್ಧವನ್ನು ಇಂದು ನಿಮ್ಮೆಲ್ಲರ ಮುಂದೆ ಇಡುತ್ತೇನೆ.

ನಮ್ಮದು ನೀರಿನ ಸೀಮೆ. ಹಂಪಿಯ ಬಾಳೆ ತೋಟಗಳಿಗೆ ಇಂದಿಗೂ ವಿಜಯನಗರ ಕಾಲದ ತುರ್ತಾ ಕಾಲುವೆಯ ನೀರು ಹರಿಯುತ್ತದೆ. 1953ರಿಂದ ತುಂಗಭದ್ರಾ ಜಲಾಶಯದ ಕಾಲುವೆಗಳೂ ಸೇರಿದವು. ಕಂಪ್ಲಿಯ ಭತ್ತದ ಗದ್ದೆಗಳನ್ನು ನೀವು ನೋಡಿದ್ದೀರಿ. ನಮ್ಮ ದೇಶದ ಹಳ್ಳಿಗಾಡಿನಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಗೆ ಕಾಲುವೆಯ ಜಿನುಗು ನೀರು, ಗುಂಡಿ, ಗದ್ದೆಗಳೆಂದರೆ ತವರುಮನೆ. ಸಂಡೂರಿನ ಗಣಿಗಳಿಗೆ ಬೇರೆ ರಾಜ್ಯಗಳಿಂದಲೂ ಕಾರ್ಮಿಕರು ಬರುತ್ತಾರೆ. ರೋಗಾಣು ಮನುಷ್ಯನ ರಕ್ತದಲ್ಲಿ ಕುಳಿತು ಟಿಕೆಟ್ ಇಲ್ಲದೆ ಪ್ರಯಾಣ ಮಾಡುತ್ತದೆ. ಕರ್ನಾಟಕದಲ್ಲಿ ಮಲೇರಿಯಾ ಹಿಂದಿಗಿಂತ ಬಹಳ ಇಳಿದಿದೆ, ಸಂತೋಷ. ಆದರೆ ಕಡಿಮೆಯಾದಷ್ಟೂ ಉಳಿದ ಒಂದೊಂದು ಪ್ರಕರಣವನ್ನು ಹಿಡಿಯುವುದು ಕಷ್ಟವಾಗುತ್ತದೆ.

ಇಲ್ಲಿ ಒಂದು ಹಳೆಯ ಸಂಗತಿ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು. ಆ ಸೊಳ್ಳೆಗೆ ರಕ್ತ ಕೊಟ್ಟವನು ಹುಸೇನ್ ಖಾನ್ ಎಂಬ ರೋಗಿ. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆ ಅವನ ಸಂಭಾವನೆ. ರಾಸ್‌ಗೆ 1902ರಲ್ಲಿ ನೊಬೆಲ್ ಬಂತು. ನಮ್ಮವರು ಈ ವಿಜ್ಞಾನದಲ್ಲಿ ಮೊದಲಿನಿಂದಲೂ ಇದ್ದಾರೆ, ಆದರೆ ಹಾಸಿಗೆಯ ಮೇಲೆ. ಈಗ ಮೇಜಿನ ಈಚೆ ಬದಿಗೂ ಬರಬಹುದು ಎಂಬುದೇ ನನ್ನ ಮಾತಿನ ತಿರುಳು.

2002ರಲ್ಲಿ ಫಾಲ್ಸಿಪಾರಂ ಎಂಬ ಮಾರಕ ಮಲೇರಿಯಾ ರೋಗಾಣುವಿನ ಸಂಪೂರ್ಣ ಜೀನೋಮ್ ಪ್ರಕಟವಾಯಿತು. 14 ವರ್ಣತಂತುಗಳು, ಸುಮಾರು 2 ಕೋಟಿ 30 ಲಕ್ಷ ಅಕ್ಷರಗಳು, 5,300ರಷ್ಟು ವಂಶವಾಹಿಗಳು. ಇವೆಲ್ಲವನ್ನೂ 'ಪ್ಲಾಸ್ಮೋಡಿಬಿ' ಎಂಬ ಅಂತರಜಾಲ ಭಂಡಾರದಲ್ಲಿ ಜೋಡಿಸಿಟ್ಟಿದ್ದಾರೆ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಜ್ವರ ಬಂದಾಗ ಆಶಾ ಕಾರ್ಯಕರ್ತೆ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಸಣ್ಣ ಕಾರ್ಡಿನ ಮೇಲೆ ಹಾಕುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಗೆರೆ ಮೂಡಿದರೆ ಮಲೇರಿಯಾ. ಫಾಲ್ಸಿಪಾರಂ ಗೆರೆ ಮೂಡುವುದು ರೋಗಾಣು ರಕ್ತಕ್ಕೆ ಬಿಡುವ ಎಚ್.ಆರ್.ಪಿ.2 ಎಂಬ ಪ್ರೋಟೀನಿನಿಂದ. ಭಂಡಾರದ ಹುಡುಕು ಪೆಟ್ಟಿಗೆಯಲ್ಲಿ 'ಪಿಎಫ್3ಡಿ7_0831800' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ. ಪಿಎಫ್ ಎಂದರೆ ಪ್ಲಾಸ್ಮೋಡಿಯಂ ಫಾಲ್ಸಿಪಾರಂ, 3ಡಿ7 ಎಂದರೆ ತಳಿ, 08 ಎಂದರೆ ಎಂಟನೆಯ ವರ್ಣತಂತು. ಮನೆ ವಿಳಾಸ ಇದ್ದ ಹಾಗೆ. ತೆರೆದರೆ ಆ ವಂಶವಾಹಿಯ ಪುಟ ಬರುತ್ತದೆ. ನಕ್ಷೆಯಲ್ಲಿ ನೋಡಿ, ಅದು ವರ್ಣತಂತುವಿನ ತುದಿಯ ಸಮೀಪದಲ್ಲಿದೆ. ತುದಿಯ ಭಾಗ ತುಂಡಾಗಿ ಕಳೆದುಹೋಗುವುದು ಸುಲಭ. ಹಾಗೆ ಕಳೆದರೂ ರೋಗಾಣು ಬದುಕುತ್ತದೆ.

ಕಾರ್ಡಿನಲ್ಲಿ ಮಾತ್ರ ಫಾಲ್ಸಿಪಾರಂ ಗೆರೆ ಮೂಡುವುದಿಲ್ಲ. "ನಿನಗೆ ಮಲೇರಿಯಾ ಇಲ್ಲ, ಹೋಗಮ್ಮಾ" ಎಂದು ಕಳುಹಿಸುತ್ತಾರೆ. ಮಾರಕ ರೋಗಾಣು ಅವಳೊಂದಿಗೇ ಮನೆಗೆ ಹೋಗುತ್ತದೆ. ಇದು ಬರಿಯ ಊಹೆಯಲ್ಲ. ಪೆರು ದೇಶದಲ್ಲಿ ಇಂತಹ ರೋಗಾಣುಗಳಿರುವುದು 2010ರಲ್ಲಿ ವರದಿಯಾಯಿತು. ಎರಿಟ್ರಿಯಾ ದೇಶ 2016ರಲ್ಲಿ ಕಾರ್ಡುಗಳನ್ನೇ ಬದಲಿಸಬೇಕಾಯಿತು. ಭಾರತದಲ್ಲೂ ಕೆಲವು ಮಾದರಿಗಳಲ್ಲಿ ಈ ವಂಶವಾಹಿ ಕಾಣೆಯಾಗಿರುವುದನ್ನು ಕಂಡಿದ್ದಾರೆ.

ವಂಶವಾಹಿ ಇದೆಯೇ ಇಲ್ಲವೇ ಎಂದು ನೋಡಲು ಪಿ.ಸಿ.ಆರ್. ಮಾಡುತ್ತಾರೆ. ಅದಕ್ಕೆ 'ಪ್ರೈಮರ್' ಎಂಬ ಪುಟ್ಟ ಡಿ.ಎನ್.ಎ. ತುಣುಕುಗಳು ಬೇಕು. ಅವನ್ನು ಕಾಗದದ ಮೇಲೆ ರೂಪಿಸುವ ಕೆಲಸ ಕಂಪ್ಯೂಟರಿನ ಮುಂದೆ ನಡೆಯುತ್ತದೆ. ಇಲ್ಲೊಂದು ಗುಂಡಿ ಇದೆ, ನಾನೇ ಬಿದ್ದದ್ದು. ಹದಿಮೂರನೆಯ ವರ್ಣತಂತುವಿನಲ್ಲಿ ಎಚ್.ಆರ್.ಪಿ.3 ಎಂಬ ತದ್ರೂಪಿ ತಮ್ಮನಿದ್ದಾನೆ. ನಾನು ಆರಿಸಿದ ಪ್ರೈಮರ್ ಅಣ್ಣನಿಗೂ ತಮ್ಮನಿಗೂ ಅಂಟುವಂತಿತ್ತು! ಅಣ್ಣ ಕಾಣೆಯಾಗಿದ್ದರೂ ತಮ್ಮನನ್ನು ತೋರಿಸಿ "ಇದ್ದಾನೆ" ಎನ್ನುತ್ತಿತ್ತು. ಭಂಡಾರದಲ್ಲಿರುವ 'ಬ್ಲಾಸ್ಟ್' ಎಂಬ ಸಾಧನಕ್ಕೆ ಆ ಅಕ್ಷರಗಳನ್ನು ಕೊಟ್ಟಿದ್ದರೆ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತಿತ್ತು. ನನಗೆ ಎರಡು ವಾರ ಹಿಡಿಯಿತು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ರಕ್ತದ ಮಾದರಿ ಕೆಟ್ಟಿದ್ದರೆ ಯಾವ ವಂಶವಾಹಿಯೂ ಕಾಣುವುದಿಲ್ಲ. ಆದ್ದರಿಂದ ಖಂಡಿತ ಇರಲೇಬೇಕಾದ ಇನ್ನೊಂದು ವಂಶವಾಹಿಯನ್ನೂ ಜೊತೆಗೆ ಪರೀಕ್ಷಿಸದೆ "ಕಾಣೆ" ಎಂದು ಬರೆಯಬಾರದು.

ಇನ್ನೊಂದು ವಿಷಯವನ್ನು ಮರೆಯಬೇಡಿ. ಭಂಡಾರದ ಮೂಲಪ್ರತಿಯಾದ 3ಡಿ7 ತಳಿ ನಮ್ಮ ನಾಡಿನದಲ್ಲ. ನೆದರ್ಲೆಂಡ್ಸಿನ ಒಬ್ಬ ರೋಗಿಯ ರಕ್ತದಿಂದ ಬಂದದ್ದು, ಅದರ ಮೂಲ ಆಫ್ರಿಕಾ ಎಂದು ನಂಬಲಾಗಿದೆ. ಸಂಡೂರಿನಲ್ಲಿ ಸಿಕ್ಕ ರೋಗಾಣು ಅದಕ್ಕೆ ಅಕ್ಷರಶಃ ಹೊಂದಬೇಕಾಗಿಲ್ಲ. ವ್ಯತ್ಯಾಸ ಕಂಡಾಗ ಪ್ರಯೋಗ ಕೆಟ್ಟಿತೆಂದು ಎಸೆಯಬೇಡಿ, ಗುರುತು ಹಾಕಿಡಿ. 2002ರಲ್ಲಿ ಈ ರೋಗಾಣುವಿನ ಶೇ. 60ರಷ್ಟು ಪ್ರೋಟೀನುಗಳ ಕೆಲಸವೇ ತಿಳಿದಿರಲಿಲ್ಲ. ಇಂದಿಗೂ ಎಷ್ಟೋ ಪುಟಗಳಲ್ಲಿ "ಕಾರ್ಯ ತಿಳಿದಿಲ್ಲ" ಎಂದೇ ಬರೆದಿದೆ.

ಖರ್ಚಿನ ಮಾತು. ಪ್ಲಾಸ್ಮೋಡಿಬಿ ಬಹುಕಾಲ ಅಮೆರಿಕ ಸರ್ಕಾರದ ಹಣದಿಂದ ನಡೆಯಿತು. 2024ರಲ್ಲಿ ಆ ಒಪ್ಪಂದ ಮುಗಿದ ಮೇಲೆ ಅದು ಬಳಕೆದಾರರ ಚಂದಾ ಹಣದತ್ತ ನೋಡಬೇಕಾಯಿತು. ಸಣ್ಣ ಊರಿನ ಕಾಲೇಜುಗಳಿಗೆ ಇದು ಚಿಂತೆಯ ವಿಷಯವೇ. ಆದರೆ ಅದೇ ಅಕ್ಷರಮಾಲೆಗಳು 'ಜೀನ್‌ಬ್ಯಾಂಕ್' ಎಂಬ ಸಾರ್ವಜನಿಕ ಭಂಡಾರದಲ್ಲಿ ಉಚಿತವಾಗಿ ದೊರೆಯುತ್ತವೆ. ಅಲ್ಲಿಯೂ ಬ್ಲಾಸ್ಟ್ ಇದೆ.

ಆ ಹುಡುಗಿ ಇಲ್ಲಿಯೇ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಊಟದ ನಂತರ ಪಕ್ಕದ ಕೋಣೆಯಲ್ಲಿ ನನ್ನ ಆ ಕೆಟ್ಟ ಪ್ರೈಮರನ್ನೇ ಬ್ಲಾಸ್ಟ್‌ಗೆ ಹಾಕೋಣ. ಅದು ಎಲ್ಲೆಲ್ಲಿ ಅಂಟುತ್ತದೆ ಎಂದು ಅವಳೇ ಹುಡುಕಿ ಹೇಳಲಿ. ನೋಟ್‌ಬುಕ್ಕು, ಪೆನ್ನು ತನ್ನಿ.