ಗೊಂಬೆ ಮೆಟ್ಟಿಲ ಮೇಲೆ ವಂಡರ್ ವುಮನ್

(ಸಂಘದ ಸಂಸ್ಥಾಪನಾ ದಿನೋತ್ಸವದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಪಂಪ, ಕುಮಾರವ್ಯಾಸರ ಬಗ್ಗೆ ಮಾತಾಡಿದ ಹಿರಿಯರಿದ್ದಾರೆ. ನಾವು ಗಂಡಹೆಂಡಿರು ಆರಿಸಿಕೊಂಡ ವಿಷಯ ಕೇಳಿ ಕಾರ್ಯದರ್ಶಿಗಳು ಒಂದು ಗಳಿಗೆ ಸುಮ್ಮನಾದರು. ತೆರೆಯ ಮೇಲಿನ ಸೂಪರ್ ನಾಯಕಿಯರು, ಅವರ ಗೊಂಬೆಗಳು! "ಮಕ್ಕಳ ಕಾರ್ಯಕ್ರಮದಲ್ಲಿ ಹಾಕಿಕೊಳ್ಳೋಣವೇ?" ಎಂದರು. ಬೇಡಿ, ಇದು ಅಪ್ಪ ಅಮ್ಮಂದಿರು ಕೇಳಬೇಕಾದ್ದು ಎಂದೆವು.

ನಮ್ಮಿಂದ ಆದ ಒಂದು ತಪ್ಪಿನಿಂದಲೇ ಶುರು ಮಾಡುತ್ತೇವೆ. ಅದು 1978. ಈ ದೇಶಕ್ಕೆ ಬಂದು ನಾಲ್ಕು ವರ್ಷವಾಗಿತ್ತು, ಮಗಳಿಗೆ ಏಳು ವರ್ಷ. ಶುಕ್ರವಾರ ಸಂಜೆ ದೇವರ ದೀಪ ಹಚ್ಚಿ ಮುಗಿಸುವಷ್ಟರಲ್ಲಿ ಅವಳು ಟೆಲಿವಿಷನ್ ಮುಂದೆ ಹಾಜರು. ಲಿಂಡಾ ಕಾರ್ಟರ್ ನಟಿಸಿದ 'ವಂಡರ್ ವುಮನ್'. ಕನ್ನಡಕ ಹಾಕಿದ ಡಯಾನಾ ಪ್ರಿನ್ಸ್ ಎಂಬ ಸಾಧಾರಣ ಹೆಣ್ಣು ಗಿರ್ರನೆ ಸುತ್ತಿದರೆ ವಂಡರ್ ವುಮನ್! ನಮ್ಮ ಮಗಳೂ ಸುತ್ತಿ ಸುತ್ತಿ ಸೋಫಾದ ಮೇಲೆ ಬೀಳುತ್ತಿದ್ದಳು. ಹುಟ್ಟುಹಬ್ಬಕ್ಕೆ ಅವಳು ಕೇಳಿದ್ದು ಒಂದೇ, ಮೆಗೊ ಕಂಪನಿಯ 12 ಇಂಚಿನ ವಂಡರ್ ವುಮನ್ ಗೊಂಬೆ. ಅಂಗಡಿಗೆ ಹೋದೆವು, ಡಬ್ಬಿ ನೋಡಿದೆವು. "ಇಷ್ಟು ಗಿಡ್ಡ ಬಟ್ಟೆಯ ಗೊಂಬೆ ನಮ್ಮ ಮನೆಗೆ ಬೇಡ" ಎಂದು ಹೇಳಿ, ಬಣ್ಣದ ಪೆನ್ಸಿಲು ಕೊಡಿಸಿಕೊಂಡು ಬಂದೆವು. ಮಗಳು ಅಳಲಿಲ್ಲ. ಆದರೆ ಆಮೇಲೆ ಸುತ್ತುವುದನ್ನು ನಿಲ್ಲಿಸಿಬಿಟ್ಟಳು. ಅದನ್ನು ನಾವು ಗಮನಿಸಲೂ ಇಲ್ಲ.

ಆ ಗೊಂಬೆಯ ಹಿಂದಿನ ಕಥೆ ನಮಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ವಂಡರ್ ವುಮನ್ ಹುಟ್ಟಿದ್ದು 1941ರಲ್ಲಿ. ಸೃಷ್ಟಿಸಿದವರು ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞರು, ಚಿತ್ರ ಬರೆದವರು ಎಚ್.ಜಿ. ಪೀಟರ್. ರಕ್ತದೊತ್ತಡದ ಏರಿಳಿತದಿಂದ ಸುಳ್ಳನ್ನು ಪತ್ತೆ ಹಚ್ಚುವ ಬಗ್ಗೆ ಸಂಶೋಧನೆ ನಡೆಸಿದವರು ಈ ಮಾರ್ಸ್ಟನ್. ಅವರ ನಾಯಕಿಯ ಕೈಯಲ್ಲೂ ಒಂದು ಹಗ್ಗ, ಅದರಲ್ಲಿ ಸಿಕ್ಕಿಬಿದ್ದವರು ನಿಜವನ್ನೇ ಹೇಳಬೇಕು! ಹೆಣ್ಣಿನ ಚಿತ್ರದಲ್ಲಿ ಶಕ್ತಿ ಕಾಣದಿದ್ದರೆ ಹುಡುಗಿಯರಿಗೇ ಹೆಣ್ಣಾಗುವ ಆಸೆ ಇರುವುದಿಲ್ಲ ಎಂಬುದು ಅವರ ವಾದ. ಆದರೂ 1942ರಲ್ಲಿ ಕಾಮಿಕ್ಸಿನ ವೀರರ ಸಂಘ 'ಜಸ್ಟಿಸ್ ಸೊಸೈಟಿ' ಅವಳಿಗೆ ಕೊಟ್ಟ ಹುದ್ದೆ ಯಾವುದು ಗೊತ್ತೇ? ಕಾರ್ಯದರ್ಶಿ! ಗಂಡಸರು ಯುದ್ಧಕ್ಕೆ, ಇವಳು ಪತ್ರ ವ್ಯವಹಾರಕ್ಕೆ. (ನಗು) ನಗಬೇಡಿ, ನಮ್ಮ ಸಂಘದ ಹಳೆಯ ಫೋಟೋಗಳನ್ನು ತೆಗೆದು ನೋಡಿ. ಮೈಕಿನ ಮುಂದೆ ಯಾರಿದ್ದಾರೆ, ಬಿಸಿಬೇಳೆ ಭಾತಿನ ಪಾತ್ರೆಯ ಹಿಂದೆ ಯಾರಿದ್ದಾರೆ?

ಸೂಪರ್‌ಮ್ಯಾನ್ 1978ರಲ್ಲಿ, ಬ್ಯಾಟ್‌ಮ್ಯಾನ್ 1989ರಲ್ಲಿ ದೊಡ್ಡ ಬಜೆಟ್ಟಿನ ಚಿತ್ರಗಳಲ್ಲಿ ಮೆರೆದರು. ವಂಡರ್ ವುಮನ್ ತನ್ನದೇ ಹೆಸರಿನ ಚಿತ್ರದಲ್ಲಿ ಬೆಳ್ಳಿತೆರೆಗೆ ಬರಲು 2017ರವರೆಗೆ, ಅಂದರೆ ಹುಟ್ಟಿದ ಮೇಲೆ 76 ವರ್ಷ, ಕಾಯಬೇಕಾಯಿತು. ನಿರ್ದೇಶಿಸಿದವರು ಪ್ಯಾಟಿ ಜೆಂಕಿನ್ಸ್, ನಟಿಸಿದವರು ಗಾಲ್ ಗಡೋಟ್. ಆ ಚಿತ್ರ ಪ್ರಪಂಚದಾದ್ಯಂತ 80 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು.

ಇಷ್ಟು ತಡವೇಕೆ? ಒಂದು ಕಾರಣ ಆಟಿಕೆ ಅಂಗಡಿಯಲ್ಲಿದೆ. 2013ರ 'ಐರನ್ ಮ್ಯಾನ್ 3' ಚಿತ್ರದ ಖಳಪಾತ್ರ ಮೊದಲು ಹೆಣ್ಣಾಗಿತ್ತು, ಹೆಣ್ಣಿನ ಬೊಂಬೆ ಅಷ್ಟು ಮಾರಾಟವಾಗದು ಎಂಬ ಎಣಿಕೆಯಿಂದ ಅದನ್ನು ಗಂಡಾಗಿಸಬೇಕಾಯಿತು ಎಂದು ನಿರ್ದೇಶಕ ಶೇನ್ ಬ್ಲ್ಯಾಕ್ 2016ರಲ್ಲಿ ಹೇಳಿದರು. 2015ರ ಅವೆಂಜರ್ಸ್ ಚಿತ್ರದಲ್ಲಿ ವಿಮಾನದಿಂದ ಮೋಟಾರ್ ಸೈಕಲ್ ಸಮೇತ ರಸ್ತೆಗೆ ಧುಮುಕುವವಳು ಬ್ಲ್ಯಾಕ್ ವಿಡೋ. ಅಂಗಡಿಗೆ ಬಂದ ಆಟಿಕೆಯಲ್ಲಿ ಅದೇ ಸೈಕಲ್ಲಿನ ಮೇಲೆ ಕ್ಯಾಪ್ಟನ್ ಅಮೆರಿಕಾ! ಸಾಹಸ ಅವಳದು, ಗೊಂಬೆ ಅವನದು. ಬೊಂಬೆ ಕೊಳ್ಳುವವರಿಲ್ಲವೆಂದು ಪಾತ್ರವಿಲ್ಲ, ಪಾತ್ರವಿಲ್ಲವೆಂದು ಬೊಂಬೆಯಿಲ್ಲ. ಹಾಗಾದರೆ 1978ರಲ್ಲಿ ಬರಿಗೈಲಿ ಹಿಂದಿರುಗಿದ ನಮ್ಮಂಥ ತಂದೆತಾಯಿಗಳ ಪಾಲೂ ಅದರಲ್ಲಿ ಇದೆಯಲ್ಲವೇ?

ಮಗಳು ದೊಡ್ಡವಳಾಗಿ, ಸಂಪಾದಿಸತೊಡಗಿದ ಮೇಲೆ, ಹಳೆಯ ಆಟಿಕೆಗಳ ಮೇಳದಲ್ಲಿ ಅದೇ ಮೆಗೊ ಗೊಂಬೆಯನ್ನು ಹುಡುಕಿ ಕೊಂಡಳು. ಸಂಗ್ರಹಕಾರರಲ್ಲಿ ಒಂದು ರೂಢಿಯಿದೆ. ಡಬ್ಬಿ ಬಿಚ್ಚಬಾರದು, ಬಿಚ್ಚಿದರೆ ಬೆಲೆ ಇಳಿಯಿತು. ಹಾಗಾಗಿ ವರ್ಷಗಟ್ಟಲೆ ಅದು ಬೀರುವಿನಲ್ಲೇ ಇತ್ತು. 2017ರಲ್ಲಿ ಒಂಬತ್ತು ವರ್ಷದ ಮೊಮ್ಮಗಳು ಸಿನಿಮಾ ನೋಡಿ ಬಂದು, ಅದನ್ನು ಕಂಡು, "ಅಮ್ಮಾ, ಅವಳಿಗೆ ಉಸಿರು ಕಟ್ಟೋದಿಲ್ವಾ?" ಎಂದಳು. ಮಗಳು ಒಂದು ಮಾತೂ ಆಡದೆ ಡಬ್ಬಿ ಬಿಚ್ಚಿದಳು. ಒಳಗೆ ಇನ್ನೊಂದು ಜೊತೆ ಬಟ್ಟೆಯೂ ಇತ್ತು, ಡಯಾನಾ ಪ್ರಿನ್ಸಳ ನೌಕಾದಳದ ಸಮವಸ್ತ್ರ. ಮೈ ತುಂಬ ಬಟ್ಟೆ! ಅಂದು ನಾವು ಗಿಡ್ಡ ಬಟ್ಟೆಯನ್ನಷ್ಟೇ ನೋಡಿದ್ದೆವು. ಹೊರಗೊಂದು ಹೆಸರು, ಒಳಗೊಂದು ಹೆಸರು ಇಟ್ಟುಕೊಂಡು ಬದುಕುವುದು ನಮ್ಮ ಮಕ್ಕಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಶಾಲೆಯಲ್ಲಿ ಒಬ್ಬಳು, ಮನೆಯಲ್ಲಿ ಇನ್ನೊಬ್ಬಳು. ಮಗಳಿಗೆ ಆ ಗೊಂಬೆ ಏಕೆ ಬೇಕಾಗಿತ್ತೆಂದು ಆಗ ತಿಳಿಯಿತು.

ಆ ವರ್ಷದ ನವರಾತ್ರಿಯಲ್ಲಿ ನಮ್ಮ ಮನೆಯ ಗೊಂಬೆ ಮೆಟ್ಟಿಲ ಮೇಲೆ, ಪಟ್ಟದ ಗೊಂಬೆಗಳಿಗಿಂತ ಒಂದು ಮೆಟ್ಟಿಲು ಕೆಳಗೆ, ವಂಡರ್ ವುಮನ್ ನಿಂತಳು. ಆರತಿಗೆ ಬಂದ ಹಿರಿಯ ಮಾಮಿಯೊಬ್ಬರು, "ಇವಳು ಯಾರ ಕಡೆಯವಳಮ್ಮಾ?" ಎಂದರು. ಮೊಮ್ಮಗಳು ಥಟ್ಟನೆ, "ನಮ್ಮ ಕಡೆಯವಳೇ ಅಜ್ಜಿ" ಎಂದಳು. ಮಾಮಿ ಅವಳಿಗೂ ಒಂದು ಚಿಟಿಕೆ ಕುಂಕುಮ ಹಚ್ಚಿದರು.

ಬಂಧುಗಳೇ, ನಾವು ಹೇಳಬೇಕಾದ್ದು ಇಷ್ಟೇ. ಮುಂದಿನ ದಸರೆಗೆ ನಿಮ್ಮ ಮಕ್ಕಳೂ ಮೆಟ್ಟಿಲ ಮೇಲಿಡಲು ಏನನ್ನಾದರೂ ತರುತ್ತಾರೆ. ಬೇಡ ಎನ್ನುವ ಮೊದಲು ಅದು ಯಾರು, ಏನು ಮಾಡಿದಳು ಎಂದು ಒಮ್ಮೆ ಕೇಳಿ. ಕಥೆಯನ್ನು ಕನ್ನಡದಲ್ಲೇ ಹೇಳಿಸಿ. ಇನ್ನೊಂದು ಮಾತು. ಮುಂದಿನ ಸಮಿತಿಯ ಚುನಾವಣೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಬರೀ ಕಾರ್ಯದರ್ಶಿಯ ಕುರ್ಚಿ ತೋರಿಸಬೇಡಿ!

 ಸಿರಿಗನ್ನಡಂ ಗೆಲ್ಗೆ.