ನಾಲ್ಕು ಹೋಗಿ ನಲವತ್ತೆಂಟಾಯಿತು: ಪಿ.ಬಿ. ರೋಡಿನ ಕಥೆ



ಮುಂಬಯಿಯಿಂದ ಕಾರಿನಲ್ಲಿ ಊರಿಗೆ ಹೋಗಿ ಬಂದ ಕೇಳುಗರೊಬ್ಬರು ನನಗೊಂದು ಪ್ರಶ್ನೆ ಹಾಕಿದರು. "ನಮ್ಮ ನಾಲ್ಕನೇ ನಂಬರ್ ಹೈವೇ ಎಲ್ಲಿ ಹೋಯ್ತು? ದಾರಿಯುದ್ದಕ್ಕೂ 48 ಅಂತ ಬೋರ್ಡು. 48 ಅಂದ್ರೆ ಬೆಂಗಳೂರು–ಮಂಗಳೂರು ರಸ್ತೆ ಅಲ್ವಾ?"

ಅವರ ನೆನಪು ಸರಿಯಾಗಿಯೇ ಇದೆ. ಬದಲಾದದ್ದು ನಂಬರು. 2010ರಲ್ಲಿ ಕೇಂದ್ರ ಸರ್ಕಾರ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಿತು. ಉತ್ತರ–ದಕ್ಷಿಣ ಸಾಗುವ ರಸ್ತೆಗೆ ಸಮಸಂಖ್ಯೆ. ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಅದು ಏರುತ್ತದೆ. ಪೂರ್ವ–ಪಶ್ಚಿಮದ ರಸ್ತೆಗೆ ಬೆಸಸಂಖ್ಯೆ. ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಮೂರಂಕಿ ಇದ್ದರೆ ಅದು ಕವಲು. ಹಿಂದೆ 4ಎ ಆಗಿದ್ದ ಬೆಳಗಾವಿ–ಪಣಜಿ ರಸ್ತೆ ಈಗ 748. ಕೊನೆಯ ಎರಡಂಕಿ ನೋಡಿದರೆ ತಾಯಿಬೇರು ಗೊತ್ತಾಗುತ್ತದೆ.

ಹೀಗೆ ದೆಹಲಿ–ಮುಂಬಯಿಯ ಹಳೆಯ 8, ಮುಂಬಯಿ–ಬೆಂಗಳೂರಿನ ಹಳೆಯ 4, ಮುಂದೆ ಹೊಸೂರು, ಕೃಷ್ಣಗಿರಿ, ವೆಲ್ಲೂರಿನ ಮೇಲೆ ಚೆನ್ನೈಗೆ ಹೋಗುವ ದಾರಿ, ಇವೆಲ್ಲ ಸೇರಿ ಒಂದೇ 48 ಆದವು. ಉದ್ದ ಸುಮಾರು 2,800 ಕಿಲೋಮೀಟರು. ಹಳೆಯ 4 ಬೆಂಗಳೂರು ದಾಟಿ ಕೋಲಾರ, ಚಿತ್ತೂರಿನ ಮೇಲೆ ಚೆನ್ನೈ ಸೇರುತ್ತಿತ್ತು. ಆ ಕೋಲಾರದ ರಸ್ತೆಗೂ ಮಂಗಳೂರಿನ ಹಳೆಯ 48ಕ್ಕೂ ಈಗ ಒಂದೇ ನಂಬರು, 75. ದೆಹಲಿ, ಮುಂಬಯಿ, ಪುಣೆ, ಚೆನ್ನೈ ಈ ನಾಲ್ಕೂ ಕಡೆಯ ಕನ್ನಡಿಗರು ಈಗ ಒಂದೇ ರಸ್ತೆಯ ಅಕ್ಕಪಕ್ಕದವರು!

ಆದರೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ದಾವಣಗೆರೆಯಲ್ಲಿ ಕೇಳಿನೋಡಿ. ಅಲ್ಲಿ ನಾಲ್ಕೂ ಇಲ್ಲ, ನಲವತ್ತೆಂಟೂ ಇಲ್ಲ. "ಪಿ.ಬಿ. ರೋಡ್" ಎನ್ನುತ್ತಾರೆ. ಪೂನಾ–ಬೆಂಗಳೂರು ರೋಡ್. ಹೆದ್ದಾರಿ ಊರ ಹೊರಗಿನ ಬೈಪಾಸ್‌ಗೆ ಹೋಯಿತು, ಹೆಸರು ಮಾತ್ರ ಪೇಟೆಯ ನಡುವೆ ಹಳೆಯ ರಸ್ತೆಯಲ್ಲೇ ಉಳಿಯಿತು.

ಈ ದಾರಿಗೆ ದೊಡ್ಡ ಅಡ್ಡಿ ಎಂದರೆ ಖಂಡಾಲದ ಬೋರ್ ಘಾಟ್. ಹಿಂದೆ ಸರಕೆಲ್ಲ ಹೇರೆತ್ತುಗಳ ಬೆನ್ನಮೇಲೆ ಘಟ್ಟ ಹತ್ತಬೇಕಿತ್ತು. ಜಾನ್ ಮಾಲ್ಕಂ ಮುಂಬಯಿ ಗವರ್ನರ್ ಆಗಿದ್ದಾಗ, 1830ರಲ್ಲಿ, ಇಲ್ಲಿ ಗಾಡಿ ಓಡುವ ರಸ್ತೆ ತೆರೆಯಿತು. ಅದೇ ಘಟ್ಟವನ್ನು ಈಗ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ಸುರಂಗಗಳಲ್ಲಿ ದಾಟುತ್ತದೆ. ಆರು ಲೇನಿನ, ಸುಮಾರು 94 ಕಿಲೋಮೀಟರಿನ ಈ ರಸ್ತೆ 2002ರಲ್ಲಿ ಪೂರ್ತಿಯಾಯಿತು.

ಪುಣೆಯಿಂದಾಚೆಗೆ ಬದಲಾವಣೆ ತಂದದ್ದು ಸುವರ್ಣ ಚತುಷ್ಕೋನ. ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತಾಗಳನ್ನು ಕಡಿಮೆ ಎಂದರೆ ನಾಲ್ಕು ಲೇನಿನಲ್ಲಿ ಜೋಡಿಸುವ 5,846 ಕಿಲೋಮೀಟರಿನ ಯೋಜನೆ. 1999ರಲ್ಲಿ ವಾಜಪೇಯಿಯವರು ಅಡಿಗಲ್ಲು ಹಾಕಿದರು; 2012ರಲ್ಲಿ ಮುಗಿಯಿತೆಂದು ಘೋಷಣೆಯಾಯಿತು. ನಿಪ್ಪಾಣಿಯಲ್ಲಿ ಕರ್ನಾಟಕಕ್ಕೆ ಕಾಲಿಟ್ಟು, ಕಿತ್ತೂರಿನ ಪಕ್ಕದಲ್ಲಿ ಹಾದು, ಹರಿಹರದಲ್ಲಿ ತುಂಗಭದ್ರೆ ದಾಟಿ, ಚಿತ್ರದುರ್ಗದ ಗಾಳಿಯಂತ್ರಗಳನ್ನು ನೋಡುತ್ತ ಬೆಂಗಳೂರು ಸೇರುವ ನಮ್ಮ ದಾರಿ ಅಗಲವಾಯಿತು.

ಒಂದು ಕಡೆ ಮಾತ್ರ ಆಗಲಿಲ್ಲ. ಹುಬ್ಬಳ್ಳಿ–ಧಾರವಾಡದ ಬೈಪಾಸ್, ಸುಮಾರು 30 ಕಿಲೋಮೀಟರು. ಖಾಸಗಿ ಟೋಲ್ ಒಪ್ಪಂದದಲ್ಲಿ ಕಟ್ಟಿದ್ದ ಅದು ಎರಡೇ ಲೇನಿನ ರಸ್ತೆಯಾಗಿ ಉಳಿಯಿತು. ನಡುವೆ ಡಿವೈಡರ್ ಇರಲಿಲ್ಲ. ಅಗಲ ರಸ್ತೆಯಲ್ಲಿ ಜೋರಾಗಿ ಬಂದ ಗಾಡಿಗೆ ಇದ್ದಕ್ಕಿದ್ದಂತೆ ಎದುರಿನಿಂದ ಗಾಡಿ! 2021ರ ಜನವರಿ 15ರಂದು ಬೆಳಗ್ಗೆ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರ್‌ಗೆ ಇಟಿಗಟ್ಟಿಯ ಹತ್ತಿರ ಟಿಪ್ಪರ್ ಡಿಕ್ಕಿಯಾಯಿತು. ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಶಾಲೆಯ ದಿನಗಳಿಂದ ಕೂಡಿ ಬೆಳೆದವರು, ಸಂಕ್ರಾಂತಿಯ ಮರುದಿನ ಹೊರಟವರು. ರಸ್ತೆ ಅಗಲ ಮಾಡಿ ಎಂಬ ಕೂಗು ಆಮೇಲೆ ಜೋರಾಯಿತು. 2022ರಲ್ಲಿ ಆರು ಲೇನಿನ ಕೆಲಸಕ್ಕೆ ಶಂಕುಸ್ಥಾಪನೆಯಾಯಿತು.

ಹೆದ್ದಾರಿಯನ್ನು ನಾವು ಉದ್ದದಿಂದ ಅಳೆಯುತ್ತೇವೆ. ಸಾವಿರಾರು ಕಿಲೋಮೀಟರಿನಲ್ಲಿ ಮೂವತ್ತು ಎಂದರೆ ಲೆಕ್ಕಕ್ಕೇ ಬಾರದ್ದು. ಆದರೆ ಮನೆಯಲ್ಲಿ ಕಾಯುವವರಿಗೆ ಆ ಮೂವತ್ತೇ ಇಡೀ ರಸ್ತೆ. ಮಳೆಗಾಲದಲ್ಲಂತೂ ಇದು ಮುಂಬಯಿ, ಪುಣೆಯವರಿಗೆ ಚೆನ್ನಾಗಿ ಗೊತ್ತು. 2019ರ ಆಗಸ್ಟ್ ಮತ್ತು 2021ರ ಜುಲೈ ಪ್ರವಾಹದಲ್ಲಿ ಕೊಲ್ಲಾಪುರದ ಹತ್ತಿರ ನೀರು ಬಂದು ಹೆದ್ದಾರಿ ಮುಚ್ಚಿತು. ಅಷ್ಟು ಜಾಗದಲ್ಲಿ ನೀರು ನಿಂತದ್ದಕ್ಕೆ ನಮಗೂ ಊರಿಗೂ ಸಂಪರ್ಕವೇ ಕಡಿಯಿತು.

ಆದ್ದರಿಂದ ಆ ಕೇಳುಗರಿಗೆ ನನ್ನ ಉತ್ತರ ಇಷ್ಟು. ನಾಲ್ಕು ಎಲ್ಲಿಯೂ ಹೋಗಿಲ್ಲ, ನಲವತ್ತೆಂಟರ ಹೊಟ್ಟೆಯೊಳಗೇ ಇದೆ. ಮುಂದಿನ ಸಲ ಹೊರಟಾಗ ಬೋರ್ಡು ನೋಡಿ ಗಾಬರಿಯಾಗಬೇಡಿ. ರಸ್ತೆ ಎಷ್ಟೇ ಅಗಲವಿರಲಿ, ಅದು ಕಿರಿದಾಗುವ ಕಡೆ, ಕೆಲಸ ನಡೆಯುವ ಕಡೆ ವೇಗ ಇಳಿಸಿ. ಕಣ್ಣು ಎಳೆಯುತ್ತಿದ್ದರೆ ಗಾಡಿ ನಿಲ್ಲಿಸಿ, ಒಂದು ಚಹಾ ಕುಡಿಯಿರಿ. ಅರ್ಧ ಗಂಟೆ ತಡವಾದರೆ ಅವ್ವ ಬೈಯುತ್ತಾಳೆ, ಬೈಸಿಕೊಳ್ಳಿ.

ಸುಖವಾಗಿ ಹೋಗಿ ಬನ್ನಿ.