ಗಣಕಯಂತ್ರದ ಉದ್ಯೋಗವೂ ತರಬೇತಿಯ ಆಯ್ಕೆಯೂ

(ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಊರುಗಳ ಗೋಡೆಗಳ ಮೇಲೆಲ್ಲ ಕಂಪ್ಯೂಟರ್ ತರಬೇತಿಯ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ‘ಆರು ತಿಂಗಳ ತರಬೇತಿ, ಖಚಿತವಾದ ಉದ್ಯೋಗ’ ಎಂಬ ಮಾತು ಅವುಗಳಲ್ಲಿ ದಪ್ಪಕ್ಷರದಲ್ಲಿರುತ್ತದೆ. ಅದನ್ನು ನಂಬಿ ತಾಯಿಯ ಬಳೆಯನ್ನು ಅಡವಿಟ್ಟು ಶುಲ್ಕ ಕಟ್ಟುವ ಮನೆಗಳು ನಮ್ಮಲ್ಲಿ ಇಲ್ಲದಿಲ್ಲ. ಆದುದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ಮೊದಲು ಈ ಕೆಲಸ ಎಂತಹುದೆಂಬುದನ್ನು ತಿಳಿಯೋಣ. ತಿರುಪ್ಪೂರಿನ ಒಂದು ಬನಿಯನ್ ಕಾರ್ಖಾನೆಯನ್ನು ಮನಸ್ಸಿಗೆ ತಂದುಕೊಳ್ಳಿ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಲೆಕ್ಕವೆಲ್ಲ ಕಂಪ್ಯೂಟರಿನಲ್ಲೇ ನಡೆಯುತ್ತದೆ. 2018ರಿಂದ ಇ-ವೇ ಬಿಲ್ ಕೂಡ ಸೇರಿಕೊಂಡಿದೆ. ಸಂಜೆ ಸರಕು ತುಂಬಿದ ಲಾರಿ ಬಾಗಿಲಲ್ಲಿ ನಿಂತಿರುವಾಗ ಕಂಪ್ಯೂಟರ್ ಮುನಿಸಿಕೊಂಡರೆ ಬಿಲ್ಲು ಹೊರಡದು, ಲಾರಿಯೂ ಹೊರಡದು. ಆಗ ಓಡಿ ಬಂದು, ದೋಷವೆಲ್ಲಿದೆಯೆಂದು ಹುಡುಕಿ, ಯಂತ್ರವನ್ನು ಮತ್ತೆ ನಡೆಸಿಕೊಡುವವನೇ ಐ.ಟಿ. ಸಪೋರ್ಟ್ ಕೆಲಸಗಾರ. ಕಾರ್ಖಾನೆ, ಆಸ್ಪತ್ರೆ, ಬ್ಯಾಂಕು, ಶಾಲೆ ಎಲ್ಲೆಡೆಯೂ ಅವನು ಬೇಕು. ಹೆಣ್ಣುಮಕ್ಕಳಿಗೂ ಇದು ಒಪ್ಪುವ ಕೆಲಸ.

ಈ ವಿದ್ಯೆಗೆ ಹಲವು ದಾರಿಗಳಿವೆ. ಹತ್ತನೆಯ ತರಗತಿ ತೇರ್ಗಡೆಯಾದವರು ಐ.ಟಿ.ಐ.ಯಲ್ಲಿ ಒಂದು ವರ್ಷದ ‘ಕೋಪಾ’ ತರಬೇತಿಯನ್ನು ಪಡೆಯಬಹುದು. ಅದರಲ್ಲಿ ಕಂಪ್ಯೂಟರನ್ನು ಬಳಸುವ ವಿದ್ಯೆಯೇ ಹೆಚ್ಚು. ಯಂತ್ರವನ್ನೂ ನೆಟ್‌ವರ್ಕನ್ನೂ ದುರಸ್ತಿ ಮಾಡುವ ಕೆಲಸ ಬೇಕೆನ್ನುವವರಿಗೆ ಎರಡು ವರ್ಷದ ‘ಐ.ಸಿ.ಟಿ.ಎಸ್.ಎಂ.’ ಎಂಬ ವಿಭಾಗ ಹೆಚ್ಚು ತಕ್ಕುದು. ಇವು ಸರ್ಕಾರದ ಮನ್ನಣೆ ಪಡೆದ ತರಬೇತಿಗಳು. ಮುಗಿಸಿದವರು 1961ರ ಅಪ್ರೆಂಟಿಸ್ ಕಾಯಿದೆಯಂತೆ ಭತ್ಯೆ ಪಡೆದು ಕೆಲಸ ಕಲಿಯುವ ಅವಕಾಶವೂ ಉಂಟು. ಇನ್ನೂ ಓದುವ ಹಂಬಲವಿದ್ದವರಿಗೆ ಪಾಲಿಟೆಕ್ನಿಕ್‌ನ ಮೂರು ವರ್ಷದ ಡಿಪ್ಲೊಮಾ ಇದೆ.

ಖಾಸಗಿ ಕೇಂದ್ರಗಳೆಲ್ಲವೂ ಕೆಟ್ಟವೆಂದು ನಾನು ಹೇಳಲಾರೆ. ಆದರೆ ಹಣ ಕಟ್ಟುವ ಮುನ್ನ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳತಕ್ಕದ್ದು.

ಮೊದಲನೆಯದು: ಪ್ರಮಾಣಪತ್ರ ಕೊಡುವವರು ಯಾರು? ಶುಲ್ಕ ಪಡೆದು ಪಾಠ ಹೇಳಿದವರೇ ಪರೀಕ್ಷಕರೂ ಆಗಿದ್ದರೆ ಆ ಪತ್ರಕ್ಕೆ ಹೊರಗೆ ಬೆಲೆ ಕಡಿಮೆ. ‘ಕಾಂಪ್ಟಿಯಾ ಎ ಪ್ಲಸ್’ ಎಂಬುದಕ್ಕೆ ಎರಡು ಪರೀಕ್ಷೆಗಳು. ಸಿಸ್ಕೋ ಸಂಸ್ಥೆಯ ‘ಸಿ.ಸಿ.ಎನ್.ಎ.’ಗೆ ಒಂದು ಪರೀಕ್ಷೆ. ಇವೆರಡೂ ಲೋಕಪ್ರಸಿದ್ಧವಾದುವು, ಮೂರು ವರ್ಷ ಊರ್ಜಿತವಾಗಿರುವುವು. ಮನೆಯಲ್ಲಿ ಓದಿಕೊಂಡೂ ಇವಕ್ಕೆ ಕೂರಬಹುದು. ‘ಎ ಪ್ಲಸ್ ಪಾಠ’ ಹೇಳುವ ಕೇಂದ್ರವೆಲ್ಲ ಆ ಪರೀಕ್ಷೆಯ ಶುಲ್ಕವನ್ನು ತಾನೇ ಕಟ್ಟುವುದೆಂದು ಭಾವಿಸಬೇಡಿ. ಅದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಎರಡನೆಯದು: ಕೈಗೆ ಕೆಲಸವೆಷ್ಟು? ನೆಟ್‌ವರ್ಕ್ ಕೇಬಲಿನೊಳಗೆ ಎಂಟು ಬಣ್ಣದ ತಂತಿಗಳಿವೆ. ಗೊತ್ತಾದ ಕ್ರಮದಲ್ಲಿ ಅವನ್ನು ಜೋಡಿಸಿ ತುದಿಗೆ ಕನೆಕ್ಟರ್ ಒತ್ತಬೇಕು. ಒಂದು ತಂತಿ ಜಾಗ ತಪ್ಪಿದರೂ ಸಂಪರ್ಕ ಕೆಡುತ್ತದೆ. ಮಗ್ಗದ ಮೇಲೆ ಒಂದು ಎಳೆ ತಪ್ಪಿದರೆ ಏನಾಗುವುದೆಂದು ನೇಕಾರರ ಮಕ್ಕಳಾದ ನಿಮಗೆ ಬೇರೆ ಹೇಳಬೇಕೆ? ಇದು ಹಲಗೆಯ ಮೇಲಿನ ಚಿತ್ರ ನೋಡಿ ಬರುವ ವಿದ್ಯೆಯಲ್ಲ. ಕೇಂದ್ರದೊಳಕ್ಕೆ ಹೋಗಿ ನೋಡಿರಿ: ಒಂದು ಕಂಪ್ಯೂಟರಿಗೆ ಎಷ್ಟು ಮಂದಿ ವಿದ್ಯಾರ್ಥಿಗಳು? ಬಿಚ್ಚಿ ಜೋಡಿಸಲು ಹಳೆಯ ಯಂತ್ರಗಳಿವೆಯೆ? ಒಂದು ದಿನ ಪಾಠದಲ್ಲಿ ಕುಳಿತು ನೋಡಲು ಬಿಡುವರೆ?

ಮೂರನೆಯದು: ಹಿಂದೆ ಕಲಿತವರು ಈಗ ಎಲ್ಲಿದ್ದಾರೆ? ಗೋಡೆಯ ಮೇಲಿನ ಭಾವಚಿತ್ರಗಳು ಸಾಕ್ಷಿಯಾಗಲಾರವು. ಕಳೆದ ವರ್ಷ ಕಲಿತ ಇಬ್ಬರನ್ನು ಕಂಡು ಮಾತಾಡಿ. ‘ಖಚಿತ ಉದ್ಯೋಗ’ವೆಂದರೆ ಎಲ್ಲಿ, ಎಷ್ಟು ಸಂಬಳಕ್ಕೆ, ಕೊಡದಿದ್ದರೆ ಹಣ ಹಿಂದಿರುಗುವುದೆ ಎಂದು ಕೇಳಿ. ಉತ್ತರ ಬಾಯಿಮಾತಿನಲ್ಲೇ ಉಳಿದರೆ ಹಣ ನಿಮ್ಮ ಚೀಲದಲ್ಲೇ ಉಳಿಯಲಿ.

ಕೊಯಮತ್ತೂರಿನ ಜಿ. ಡಿ. ನಾಯ್ಡು ಅವರು (1893–1974) ಶಾಲೆಯಲ್ಲಿ ಓದಿದ್ದು ಅಲ್ಪ. ದುಡಿದು ಕೂಡಿಟ್ಟ ಹಣದಲ್ಲಿ ಒಂದು ಮೋಟಾರ್ ಸೈಕಲನ್ನು ಕೊಂಡು, ಅದನ್ನು ಬಿಚ್ಚಿ ಜೋಡಿಸಿ ಯಂತ್ರವಿದ್ಯೆಯನ್ನು ಕೈವಶ ಮಾಡಿಕೊಂಡರು. 1945ರಲ್ಲಿ ಇಲ್ಲಿ ತಾಂತ್ರಿಕ ಕಾಲೇಜು ಹುಟ್ಟಿದಾಗ ಅದಕ್ಕೆ ಬೆಂಬಲವಾಗಿ ನಿಂತವರೂ ಅವರೇ. ದೀರ್ಘಕಾಲದ ಓದಿಗಿಂತ ಕೈಗೆಲಸ ತುಂಬಿದ ಕಡಿಮೆ ಅವಧಿಯ ಶಿಕ್ಷಣವೇ ಮೇಲೆಂಬುದು ಅವರ ನಿಲುವು. ಇಂದಿನ ಕಾಲಕ್ಕೆ ಪ್ರಮಾಣಪತ್ರವೂ ಬೇಕು. ಆದರೆ ಅದರ ಹಿಂದೆ ಕೈಚಳಕವಿರಬೇಕು.

ಇನ್ನು ಭಾಷೆಯ ಮಾತು. ‘ಕನ್ನಡದಲ್ಲಿ ಓದಿದ ನಮ್ಮ ಮಕ್ಕಳಿಗೆ ಇದು ಸಾಧ್ಯವೆ?’ ಎಂದು ಅನೇಕ ತಾಯಂದಿರು ಕೇಳುತ್ತಾರೆ. ಯಂತ್ರದ ತೆರೆಯ ಮೇಲೆ ಬರುವುದು ಇಂಗ್ಲಿಷ್. ನಿಜ, ಅದನ್ನು ಕಲಿಯಲೇಬೇಕು. ಆದರೆ ನೆರವು ಕೇಳುವ ಗುಮಾಸ್ತೆ ತನ್ನ ತೊಂದರೆಯನ್ನು ತಮಿಳಿನಲ್ಲಿ ಹೇಳುತ್ತಾನೆ. ಅದನ್ನು ತಾಳ್ಮೆಯಿಂದ ಕೇಳಿ ಅರ್ಥಮಾಡಿಕೊಳ್ಳುವುದೇ ಈ ಕೆಲಸದ ಅರ್ಧಭಾಗ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿ ಬೆಳೆದ ನಿಮ್ಮ ಕಿವಿ ಈಗಾಗಲೇ ಪಳಗಿದೆ. ಒಂದು ನೋಟುಪುಸ್ತಕವಿಟ್ಟು, ತೆರೆಯ ಮೇಲೆ ಕಂಡ ಇಂಗ್ಲಿಷ್ ಸೂಚನೆಯನ್ನೂ ಅದರ ಅರ್ಥವನ್ನು ಕನ್ನಡದಲ್ಲೂ ದಿನಕ್ಕೆ ಐದರಂತೆ ಬರೆಯಿರಿ. ಮುಂಬಯಿಯ ಐ.ಐ.ಟಿ.ಯ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳಲ್ಲಿ ಹಲವು ಕನ್ನಡದಲ್ಲಿಯೂ ಉಚಿತವಾಗಿ ದೊರೆಯುತ್ತವೆ. ಬೇಸಿಗೆ ರಜೆಯಲ್ಲಿ ಅವನ್ನು ನೋಡಿ, ಈ ವಿದ್ಯೆ ನಿಮ್ಮ ಮನಸ್ಸಿಗೆ ಹಿಡಿಸುವುದೋ ಇಲ್ಲವೋ ಎಂಬುದನ್ನು ಕಾಸಿನ ಖರ್ಚಿಲ್ಲದೆ ತಿಳಿದುಕೊಳ್ಳಿರಿ. ಹಿಡಿಸದಿದ್ದರೆ ಬೇರೆ ವಿದ್ಯೆಗಳಿವೆ. ನೆರೆಮನೆಯ ಹುಡುಗ ಸೇರಿದನೆಂಬುದು ಕಾರಣವಾಗಕೂಡದು.

ತಂದೆತಾಯಿಗಳಲ್ಲಿ ನನ್ನದೊಂದು ವಿಜ್ಞಾಪನೆ. ಸೀರೆ ಕೊಳ್ಳುವಾಗ ತಾವು ಸೆರಗನ್ನು ಬಿಡಿಸಿ, ಬಣ್ಣವನ್ನು ಉಜ್ಜಿ, ನೇಯ್ಗೆಯನ್ನು ಬೆಳಕಿಗೆ ಹಿಡಿದು ನೋಡುತ್ತೀರಿ. ಮಕ್ಕಳ ತರಬೇತಿಯನ್ನೂ ಹಾಗೆಯೇ ನೋಡಿ ಕೊಳ್ಳಿರಿ. ಸಂದೇಹವಿದ್ದರೆ ಶುಲ್ಕ ಕಟ್ಟುವ ಮೊದಲು ಆ ಕಾಗದಗಳನ್ನು ಶಾಲೆಗೆ ತನ್ನಿರಿ; ನಾನೂ ಸಹೋದ್ಯೋಗಿಗಳೂ ಕೂಡಿ ಓದಿ ಹೇಳುತ್ತೇವೆ.